ಚಕ್ರ ಹಾಡಿಸುವ ಜೆಲಿಂದಾ

ಮೊಂತೆಬ್ರುಲ್ಲೊ ಎಂಬ ಊರಿನಲ್ಲಿ ಕಾರುಗಳ ಸೊಟ್ಟ ಚಕ್ರ ನೆಟ್ಟಗೆ ಮಾಡುವವಳು ಜೆಲಿಂದಾ ಒಬ್ಬಳೇ. ವಯಸ್ಸು ಅರವತ್ತಮೂರು, ಮದುವೆಯಾದವಳಲ್ಲ, ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿ. ಮೊದೆನಾ ಕಡೆಯ ದುಡ್ಡಿರುವವರೆಲ್ಲ ಮನೆಗಿಂತ ದುಬಾರಿಯಾದ ತಮ್ಮ ಕಾರುಗಳನ್ನು ಅವಳ ಶೆಡ್ಡಿಗೆ ತಂದು, ಕೈಕಟ್ಟಿ ನಿಂತು, ಬೈಸಿಕೊಂಡು ಹೋಗುತ್ತಿದ್ದರು. ರಿಪೇರಿಗೆ ದರವಿತ್ತು, ಬೈಗುಳ ಬಿಟ್ಟಿ.

ಒಮ್ಮೆ ಒಬ್ಬ ಎಳೆ ವಕೀಲ ಹೊಸ ಕಾರು ತಂದು ನಿಲ್ಲಿಸಿದ. ಘನಗಂಭೀರ ಮುಖ.

“ನೂರಹತ್ತು ದಾಟಿದ್ರೆ ಗಡಗಡ ಅಂತದೆ ಅಮ್ಮಾ.”

“ಎಲ್ಲಿ? ಕೈಗೋ, ಕುಂಡೆಗೋ?”

ವಕೀಲ ಕೆಂಪಗಾದ. ಒಳಗೆ ಟೈರು ಕಳಚುತ್ತಿದ್ದ ಅವಳ ತಮ್ಮ ಲೆಯಾರ್ಕೊ ಕಿಸಕ್ಕನೆ ನಕ್ಕ.

“ನಾಚ್ಕೊಂಡ್ರೆ ಆಗಲ್ಲಪ್ಪ. ಸ್ಟೇರಿಂಗ್ ನಡುಗಿದ್ರೆ ಮುಂದಿನ ಚಕ್ರ, ಸೀಟು ನಡುಗಿದ್ರೆ ಹಿಂದಿಂದು. ನಿನ್ನ ಕುಂಡೆ ಏನು ಹೇಳ್ತು?”

ಕುಂಡೆ ಏನೂ ಹೇಳಿರಲಿಲ್ಲ, ಕೈ ಹೇಳಿತ್ತು. ಜೆಲಿಂದಾ ಮುಂದಿನ ಚಕ್ರ ಬಿಚ್ಚಿಸಿ, ಮಗುಚಿ ಹಾಕಿ, ಒಳಗಡೆಯ ಅಂಚನ್ನು ಬೆರಳಿನಿಂದ ಸವರುತ್ತ ಹೋದಳು. ಒಂದು ಕಡೆ ಬೆರಳು ತಗ್ಗಿಗೆ ಇಳಿಯಿತು.

“ನೋಡು. ಹೊರಗಡೆ ಕನ್ನಡಿ ಹಂಗೆ ತಿಕ್ತೀರಿ. ಗುಂಡಿ ಹೊಡೆಯೋದು ಒಳಗಡೆ ಅಂಚಿಗೆ. ಅಲ್ಲಿ ಬಗ್ಗಿ ನೋಡಿದ ಗಂಡಸು ಈ ಜಿಲ್ಲೇಲಿ ಒಬ್ಬನೂ ಇಲ್ಲ. ಟೈರು ನೋಡಿದ್ರೆ ಬ್ರೆಡ್ಡಿಗೆ ಸವರಿದ ಬೆಣ್ಣೆಯಷ್ಟು ತೆಳ್ಳಗಿದೆ, ಅದರಲ್ಲೂ ಗಾಳಿ ಅರ್ಧ. ವಾರಕ್ಕೊಂದ್ಸಲ ಬೆಳಿಗ್ಗೆ, ಟೈರು ತಣ್ಣಗಿರುವಾಗ ಗಾಳಿ ನೋಡು. ಫುಟ್‌ಪಾತಿಗೆ ಉಜ್ಜಿ ನಿಲ್ಲಿಸ್ಬೇಡ. ಗುಂಡಿ ಕಂಡ್ರೆ ಮುಂಚೇನೇ ಬ್ರೇಕ್ ಹಾಕು, ಗುಂಡಿಯೊಳಗೆ ಇಳಿದ್ಮೇಲಲ್ಲ.”

ಸೊಟ್ಟಗಾದದ್ದನ್ನು ಅವಳು ನೇರ ಮಾಡಿಕೊಡುತ್ತಿದ್ದಳು. ಬಿರುಕು ಬಿಟ್ಟದ್ದನ್ನು ಮಾತ್ರ ಯಾರು ಬಂದು ಕಾಲು ಹಿಡಿದರೂ ಬೆಸುಗೆ ಹಾಕುತ್ತಿರಲಿಲ್ಲ. ಅಂಥ ರಿಮ್ಮುಗಳು ಶೆಡ್ಡಿನ ಹಿಂದೆ ಸಾಲಾಗಿ ಬಿದ್ದಿದ್ದವು. ಅವುಗಳ ಮಧ್ಯದಿಂದ ಟೊಮೆಟೊ ಗಿಡಗಳು ಎದ್ದು, ಊರಿನ ಅತಿ ದುಬಾರಿ ತರಕಾರಿ ತೋಟ ಎನಿಸಿಕೊಂಡಿದ್ದವು.

ಇಷ್ಟೇ ಆಗಿದ್ದರೆ ಅವಳು ಒಳ್ಳೆಯ ಮೆಕ್ಯಾನಿಕ್ ಎನಿಸಿಕೊಂಡು ಸುಮ್ಮನಿರಬಹುದಿತ್ತು. ಆದರೆ ಊರು ಅವಳನ್ನು ಹೊತ್ತು ಮೆರೆಸಿದ್ದು ಸುತ್ತಿಗೆಯ ಸಲುವಾಗಿ.

ಪ್ರತಿವರ್ಷ ಮೇ ತಿಂಗಳ ಮೊದಲ ಭಾನುವಾರ ಆಸುಪಾಸಿನ ಸ್ಪೋರ್ಟ್ಸ್ ಕಾರುಗಳೆಲ್ಲ ಬೆಟ್ಟದ ಮೇಲಿನ ದೇವಮಾತೆಯ ಗುಡಿಗೆ ಹೋಗುತ್ತವೆ. ಹದಿನಾಲ್ಕು ಕಿಲೋಮೀಟರ್, ಬರೀ ತಿರುವು. ಹೆಸರಿಗೆ ಯಾತ್ರೆ, ನಿಜದಲ್ಲಿ ರೇಸು, ಕೊನೆಗೆ ಊಟ. ಹೊರಡುವ ಮುಂಚೆ ಕಾರುಗಳು ಚರ್ಚಿನ ಮುಂದೆ ಸಾಲು ನಿಲ್ಲುತ್ತವೆ. ಜೆಲಿಂದಾ ಉದ್ದ ಹಿಡಿಯ ಸಣ್ಣ ಸುತ್ತಿಗೆ ಹಿಡಿದು ಬಂದು, ಒಂದೊಂದು ಚಕ್ರಕ್ಕೂ ಒಂದು ಏಟು ಕೊಟ್ಟು, ತಲೆ ವಾಲಿಸಿ ಕೇಳುತ್ತಾಳೆ. ಇಡೀ ಚೌಕ ಉಸಿರು ಬಿಗಿಹಿಡಿಯುತ್ತದೆ. “ಹಾಡ್ತದೆ,” ಎಂದರೆ ಮುಂದಿನದು. ಬಿರುಕು ಬಿಟ್ಟ ಚಕ್ರ ಹಾಡುವುದಿಲ್ಲ, ಒಡೆದ ಮಡಕೆಯಂತೆ ಬೊದ್ದೆನ್ನುತ್ತದೆ ಎಂದು ಅವಳ ಅಪ್ಪ ಆಮೊಸ್ ಹೇಳಿಕೊಟ್ಟಿದ್ದ. ಅವನು ರೈಲ್ವೆಯಲ್ಲಿದ್ದವನು. ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಚಕ್ರ ಬಡಿದು ನೋಡುವುದೇ ಅವನ ನೌಕರಿ. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಾರದೆ ಕಾರುಗಳನ್ನು ಬಡಿಯತೊಡಗಿದ. ಅವನು ತೀರಿಕೊಂಡ ಮೇಲೆ ಮೂವತ್ತಮೂರು ವರ್ಷಗಳಿಂದ ಮಗಳು.

ಜೆಲಿಂದಾಳ ಸುತ್ತಿಗೆಯ ಬಳಿಕ ಪಾದ್ರಿ ದೊನ್ ಪ್ರೊಸ್ಪೆರೊ ತೀರ್ಥ ಚಿಮುಕಿಸುತ್ತಿದ್ದರು. ಜನ ಆಗ ಆಕಳಿಸುತ್ತಿದ್ದರು.

“ನನ್ನ ತೀರ್ಥ ಬಿದ್ರೆ ಬಟ್ಟೆ ತಗೊಂಡು ಒರೆಸ್ಕೋತಾರೆ, ಪೇಂಟಿಗೆ ಕಲೆ ಆಗ್ತದಂತೆ,” ಎಂದು ಅವರು ಲೆಯಾರ್ಕೊನ ಹತ್ತಿರ ಗೊಣಗಿಕೊಂಡದ್ದುಂಟು. “ನಿಮ್ಮಕ್ಕ ಕಬ್ಬಿಣ ತಗೊಂಡು ಬಡಿದ್ರೆ ಟೋಪಿ ತೆಗೀತಾರೆ.”

ಇಂಥ ಜೆಲಿಂದಾಳಿಗೆ ಎರಡು ವರ್ಷದ ಹಿಂದೆ ಕಿವಿ ಕೈಕೊಟ್ಟಿತು. ಮಾತು ಕೇಳಿಸುತ್ತಿತ್ತು, ಬೈಗುಳಕ್ಕೆ ತಿರುಗಿ ಬೈಯುವಷ್ಟು ಚೆನ್ನಾಗಿಯೇ ಕೇಳಿಸುತ್ತಿತ್ತು. ಸಣ್ಣ, ಚೂಪಾದ ಸದ್ದುಗಳು ಮಾತ್ರ ಮಾಯವಾದವು. ಮೊದಲು ಫೋನಿನ ಗಂಟೆ, ಆಮೇಲೆ ಒಲೆಯ ಟೈಮರಿನ ಕಿಣಿಕಿಣಿ, ಒಂದು ದಿನ ಸುತ್ತಿಗೆಯ ಏಟು. ಬಡಿದರೆ ಕೈಗೆ ಅದುರು ಬರುತ್ತಿತ್ತು, ಕಿವಿಗೆ ಏನೂ ಇಲ್ಲ. ಅವತ್ತು ಅವಳು ಶೆಡ್ಡಿನ ಬಾಗಿಲು ಹಾಕಿಕೊಂಡು ಅತ್ತಳು. ಕಿವಿ ಹೋಯಿತೆಂದು ಊರಿಗೆ ಗೊತ್ತಾದರೆ ತಾನು ಟೈರಂಗಡಿಯ ಒಬ್ಬ ಮುದುಕಿ, ಅಷ್ಟೇ ಎಂದು ಅವಳಿಗೆ ಖಾತ್ರಿಯಾಗಿತ್ತು. ಆಮೊಸ್‌ನ ಮಗಳು ಎನ್ನುವ ಹೆಸರೇ ಮುಗಿದಂತೆ.

ಅದಕ್ಕೆ ಅವಳೊಂದು ಉಪಾಯ ಹೂಡಿದಳು. ಯಾತ್ರೆಯ ಹಿಂದಿನ ಗುರುವಾರ, ಶುಕ್ರವಾರ “ಗಾಳಿ ನೋಡ್ತೀನಿ ಬನ್ನಿ, ಬಿಟ್ಟಿ” ಎಂದು ಎಲ್ಲರನ್ನೂ ಶೆಡ್ಡಿಗೆ ಕರೆದು, ನಾಲ್ಕೂ ಚಕ್ರ ಬಿಚ್ಚಿ, ಒಳಗಡೆ ತೊಳೆದು, ಬೆರಳಾಡಿಸಿ, ಬಿರುಕು ತೋರಿಸುವ ಕೆಂಪು ದ್ರಾವಣ ಸವರಿ ನೋಡುತ್ತಿದ್ದಳು. ಭಾನುವಾರದ ಸುತ್ತಿಗೆ ಬರೀ ನಾಟಕ. ಮೊದಲ ವರ್ಷ ನಾಟಕ ಸಾಂಗವಾಗಿ ನಡೆಯಿತು. ಬಿಟ್ಟಿ ಸೇವೆ ಯಾಕೆಂದು ಲೆಯಾರ್ಕೊ ಕೇಳಿದ್ದಕ್ಕೆ, ವಯಸ್ಸಾದ ಮೇಲೆ ಪುಣ್ಯ ಕಟ್ಟಿಕೊಳ್ಳಬೇಕು ಎಂದಳು. ಅಕ್ಕನಿಗೆ ಪುಣ್ಯದ ಯೋಚನೆ ಬಂತೆಂದು ಅವನು ಗಾಬರಿಯಾದ.

ಎರಡನೆಯ ವರ್ಷ ದಂತವೈದ್ಯ ತಿಂಕಾನಿ ಆ ಎರಡೂ ದಿನ ಶೆಡ್ಡಿಗೆ ಬರಲಿಲ್ಲ. ಯಾವುದೋ ಸಮ್ಮೇಳನಕ್ಕೆ ಹೋಗಿದ್ದನಂತೆ. ಭಾನುವಾರ ಎಲ್ಲರಿಗಿಂತ ತಡವಾಗಿ ತನ್ನ ಹಳದಿ ಕಾರನ್ನು ತಂದು ಎಲ್ಲರಿಗಿಂತ ಮುಂದೆ ನಿಲ್ಲಿಸಿದ. ಪಾದ್ರಿಗಳು ಪ್ರತಿವರ್ಷ ಬೆಟ್ಟಕ್ಕೆ ಹೋಗುವುದು ಅದರಲ್ಲೇ. ಜೆಲಿಂದಾ ಅದರ ಮುಂದಿನ ಎಡಚಕ್ರದ ಹತ್ತಿರ ಬಂದಳು. ನೂರು ಕಣ್ಣು ಅವಳ ಮೇಲಿದ್ದವು. ಬಡಿದಳು. ತಲೆ ವಾಲಿಸಿದಳು. ಏನೂ ಇಲ್ಲ.

“ಹಾಡ್ತದೆ.”

ನಾಲ್ಕು ಸಲವೂ ಅದೇ ಸುಳ್ಳು. ತೀರ್ಥವಾಯಿತು, ಒರೆಸಿದ್ದೂ ಆಯಿತು. ಪಾದ್ರಿಗಳು ನಿಲುವಂಗಿ ಮುದುಡಿಕೊಂಡು ಆ ತಗ್ಗಿನ ಸೀಟಿಗೆ ಹೇಗೋ ಇಳಿದರು. ತಿಂಕಾನಿ ಬಾಗಿಲು ಹಾಕುತ್ತ ಜೆಲಿಂದಾಳ ಕಡೆ ನೋಡಿ ಹಲ್ಲು ಬಿಟ್ಟ. ಅವನ ಹಲ್ಲೇ ಅವನ ಬೋರ್ಡು.

“ಒಳ್ಳೇದಾಯ್ತು ನೋಡು. ನಿನ್ನೆ ಸಂಜೆ ಸೇತುವೆ ಹತ್ರ ಒಂದು ಗುಂಡಿಗೆ ಬಿದ್ದೆ, ಎಂಬತ್ತರಲ್ಲಿದ್ದೆ. ಬೆನ್ನುಮೂಳೆ ಬಾಯಿಗೆ ಬಂದಿತ್ತು. ಚಕ್ರಕ್ಕೆ ಒಂದು ಗೀರೂ ಇಲ್ಲ.”

ಜೆಲಿಂದಾಳ ಕಣ್ಣು ಚಕ್ರಕ್ಕೆ ಹೋಯಿತು. ಅವನು ಗೀರು ಹುಡುಕಿದ್ದು ಎಲ್ಲಿ? ಹೊರಗಡೆ. ಎಂಜಿನ್ ಶುರುವಾಗಿತ್ತು. ಮುಂದಿರುವುದು ಹದಿನಾಲ್ಕು ಕಿಲೋಮೀಟರ್, ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಬರೀ ಗಾಳಿ, ಕೆಳಗೆ ಕಣಿವೆ. ಸುಮ್ಮನಿದ್ದರೆ ಹೆಸರು ಉಳಿಯುತ್ತದೆ. ಏನೂ ಆಗದೆಯೂ ಇರಬಹುದು. ಒಂದು ಕ್ಷಣ ಅವಳು ನಿಜವಾಗಿಯೂ ಸುಮ್ಮನಿದ್ದಳು. ಆ ಕ್ಷಣಕ್ಕಾಗಿ ಆಮೇಲೆ ತನ್ನನ್ನೇ ತಾನು ಎಷ್ಟು ಬೈದುಕೊಂಡಳೋ ಲೆಕ್ಕವಿಲ್ಲ. ಮರುಕ್ಷಣ ಹೋಗಿ ಕಾರಿಗೆ ಅಡ್ಡ ನಿಂತಳು.

ತಿಂಕಾನಿ ಹಾರ್ನ್ ಹೊಡೆದ. ಅದು ಅವಳಿಗೆ ಕೇಳಿಸಿತು.

“ಇಳೀರಿ ಡಾಕ್ಟ್ರೇ. ಚಕ್ರ ಬಿಚ್ಚಬೇಕು.”

“ಹಾಡ್ತದೆ ಅಂದ್ಯಲ್ಲ?”

“ಅಂದೆ. ಸುಳ್ಳು ಹೇಳ್ದೆ. ಅದೇನಂತೋ ನಂಗೆ ಕೇಳಿಸ್ಲೇ ಇಲ್ಲ. ಎರಡು ವರ್ಷದಿಂದ ಯಾವ ಚಕ್ರಾನೂ ಕೇಳಿಸ್ತಿಲ್ಲ. ನಾನು ಕಿವುಡಿ.”

ಚೌಕದ ತಲೆಗಳೆಲ್ಲ ಅವಳ ಕಡೆ ತಿರುಗಿದವು. ಜೆಲಿಂದಾಳ ಮುಖ ಸುಡುತ್ತಿತ್ತು. ತಿಂಕಾನಿ ಕಿಟಕಿಯಿಂದ ತಲೆ ಹಾಕಿ, “ನಂಗೆ ಕೇಳಿಸ್ತಮ್ಮಾ, ಚೆನ್ನಾಗೇ ಟಣ್ ಅಂತು,” ಎಂದ. ಸುತ್ತಲಿನವರೂ ತಲೆಯಾಡಿಸಿದರು. ಟಣ್ ಅಂದದ್ದು ಹೌದು, ಎಲ್ಲರೂ ಕೇಳಿದ್ದರು. ಬೆಟ್ಟದ ಮೇಲೆ ಊಟಕ್ಕೆ ಹೇಳಿಯಾಗಿತ್ತು, ಪಾಸ್ತಾ ಕಾಯುವುದಿಲ್ಲ ಎಂದು ಯಾರೋ ಕೂಗಿದರು.

“ಪಾಸ್ತಾ ಹಾಳಾಗಿ ಹೋಗ್ಲಿ,” ಎಂದಳು ಜೆಲಿಂದಾ. “ಪಾದ್ರಿಗಳೇ, ನೀವಾದ್ರೂ ಇಳೀರಿ. ನಿಮಗೆ ಸ್ವರ್ಗ ಗ್ಯಾರಂಟಿ ಇರಬಹುದು, ಅರ್ಜೆಂಟ್ ಏನಿಲ್ಲವಲ್ಲ.”

ದೊನ್ ಪ್ರೊಸ್ಪೆರೊ ಇಳಿದರು. ಹತ್ತುವಾಗ ಇಲ್ಲದ ಚುರುಕು ಇಳಿಯುವಾಗ ಇತ್ತು.

ಲೆಯಾರ್ಕೊ ಶೆಡ್ಡಿನಿಂದ ಜಾಕನ್ನೂ ದ್ರಾವಣದ ಡಬ್ಬಿಯನ್ನೂ ತಂದ. ಮುಂದಿನ ಎಡಚಕ್ರ ಬಿಚ್ಚಿ ಟೈರು ಸಮೇತ ಕಲ್ಲುಹಾಸಿನ ಮೇಲೆ ಮಗುಚಿದರು. ಜೆಲಿಂದಾ ಮಂಡಿಯೂರಿ ಒಳಗಡೆಯ ಬ್ರೇಕಿನ ಕರಿ ಧೂಳು ಒರೆಸಿ, ಕೆಂಪು ದ್ರಾವಣ ಸವರಿ, ಕಾಲು ಗಂಟೆ ಕೂತಳು. ಜನ ಗಡಿಯಾರ ನೋಡಿಕೊಂಡರು. ದ್ರಾವಣ ಒರೆಸಿ ಬಿಳಿ ಪುಡಿ ಚಿಮುಕಿಸಿದಳು. ಸ್ವಲ್ಪ ಹೊತ್ತಿಗೆ ಆ ಬಿಳಿಯೊಳಗಿಂದ ಕೆಂಪು ಗೆರೆಯೊಂದು ಜಿನುಗಿ ಬಂತು. ಒಳ ಅಂಚಿನಿಂದ ಹೊರಟು ಕಿರುಬೆರಳಿನಷ್ಟು ಉದ್ದ.

ತಿಂಕಾನಿಯ ಬಾಯಿ ತೆರೆದೇ ಇತ್ತು. “ಆದ್ರೆ ಅದು ಹಾಡ್ತಲ್ಲ,” ಎಂದ, ಯಾರೋ ತನಗೆ ಮೋಸ ಮಾಡಿದ ಹಾಗೆ.

ಆ ಮಾತು ಜೆಲಿಂದಾಳ ತಲೆಯಲ್ಲಿ ಸಿಕ್ಕಿಕೊಂಡಿತು. ಅವಳು ಸುತ್ತಿಗೆಯನ್ನು ತಮ್ಮನ ಕೈಗೆ ಕೊಟ್ಟಳು.

“ಇದನ್ನ ಇನ್ನೊಂದ್ಸಲ ಬಡಿ. ಆಮೇಲೆ ಬಲಗಡೇದು ಬಿಚ್ಚಿ ಅದನ್ನೂ ಬಡಿ. ಏನು ಕೇಳಿಸ್ತು ನಿಜ ಹೇಳು.”

ದ್ರಾವಣ ಸವರಿ ನೋಡಿದರೂ ಬಲಚಕ್ರದಲ್ಲಿ ಕೆಂಪು ಗೆರೆ ಮೂಡಲಿಲ್ಲ. ಲೆಯಾರ್ಕೊ ಎರಡನ್ನೂ ಅಕ್ಕಪಕ್ಕ ಇಟ್ಟು ಬಡಿದ. ಮತ್ತೆ ಬಡಿದ. ಜನರ ಮುಖ ನೋಡಿದ.

“ಎರಡೂ ಒಂದೇ ಅಕ್ಕಾ.”

“ಸರಿಯಾಗಿ ಕೇಳು.”

“ಸರಿಯಾಗೇ ಕೇಳ್ದೆ. ಎರಡೂ ಟಣ್ ಅಂತವೆ.”

ಜೆಲಿಂದಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅಪ್ಪ ಬಡಿಯುತ್ತಿದ್ದದ್ದು ರೈಲಿನ ಚಕ್ರ, ಇಡಿಯಾಗಿ ಉಕ್ಕು. ಅದಕ್ಕೆ ರಬ್ಬರಿನ ಟೈರಿರಲಿಲ್ಲ, ಈ ತೆಳು ಮಿಶ್ರಲೋಹವೂ ಅಲ್ಲ. ಕಾರಿನ ಮಟ್ಟಿಗೆ ಆ ಏಟು ಏನೂ ಹೇಳುತ್ತಿರಲಿಲ್ಲ. ಕಿವಿ ಚುರುಕಾಗಿದ್ದ ಮೂವತ್ತೊಂದು ವರ್ಷ ಅವಳು ಟೋಪಿ ತೆಗೆದು ನಿಂತ ಗಂಡಸರನ್ನು, ಅವರ ಪಕ್ಕ ಕೂತ ಹೆಂಡಿರನ್ನು ಬರೀ ಒಂದು ಸದ್ದನ್ನು ನಂಬಿ ಬೆಟ್ಟ ಹತ್ತಿಸಿದ್ದಳು.

“ಅಂದ್ರೆ ಕಿವಿ ಇದ್ದಾಗ ನಿಂಗೇನೂ ಗೊತ್ತಾಗ್ತಿರ್ಲಿಲ್ಲ,” ಲೆಯಾರ್ಕೊ ತಲೆ ಕೆರೆದುಕೊಂಡು ಲೆಕ್ಕ ಹಾಕಿದ. “ಕಿವುಡಿ ಆದ್ಮೇಲೇ ಸರಿಯಾಗಿ ನೋಡಿದ್ದು.”

“ಬಾಯಿ ಮುಚ್ಚು,” ಎಂದಳು. ಆದರೆ ಅವನು ಹೇಳಿದ್ದು ಸರಿಯಾಗಿತ್ತು. ಗುರುವಾರ, ಶುಕ್ರವಾರ ಶೆಡ್ಡಿಗೆ ಬಂದು ಹೋದ ಹದಿಮೂರು ಕಾರುಗಳ ಒಂದೊಂದು ಚಕ್ರದ ಒಳಮೈಯೂ ಅವಳ ಬೆರಳಿಗೆ ಗೊತ್ತಿತ್ತು.

ದೊನ್ ಪ್ರೊಸ್ಪೆರೊ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತರು. ಪಾಪ, ಸಮಾಧಾನ ಹೇಳಲೆಂದೇ ಬಂದಿದ್ದರು.

“ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲವಲ್ಲಮ್ಮಾ ಜೆಲಿಂದಾ. ನಂಬಿಕೆ ಕಾಪಾಡ್ತು ಅಂದ್ಕೋ.”

ಜೆಲಿಂದಾ ತಮ್ಮನ ಕೈಯಿಂದ ಸುತ್ತಿಗೆ ತೆಗೆದು ಅವರ ಕೈಯಲ್ಲಿಟ್ಟಳು.

“ಹಂಗಾದ್ರೆ ಇದು ನಿಮ್ಮ ಖಾತೆಗೆ ಸೇರಿದ್ದು ಪಾದ್ರಿಗಳೇ. ನೀವೇ ಇಟ್ಕೊಳ್ಳಿ.”

ಹದಿಮೂರು ಕಾರುಗಳು ಬೆಟ್ಟಕ್ಕೆ ಹೊರಟವು. ಬಲಚಕ್ರವನ್ನಷ್ಟೇ ಮರಳಿ ಹಾಕಿಸಿಕೊಂಡ ಹಳದಿ ಕಾರು ಮೂರು ಕಾಲಿನಲ್ಲಿ ಚರ್ಚಿನ ಮುಂದೆ ಉಳಿಯಿತು. ಪಾದ್ರಿಗಳಿಗೆ ಲೆಯಾರ್ಕೊನ ಹಳೇ ವ್ಯಾನೇ ಗತಿಯಾಯಿತು. ಹತ್ತುವ ಮುಂಚೆ ಅವರು ಸುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನಿಲುವಂಗಿ ಎತ್ತಿ ಹಿಡಿದು, ನೆಲಕ್ಕೆ ಬಗ್ಗಿ, ನಾಲ್ಕೂ ಚಕ್ರಗಳ ಒಳಗಡೆ ಒಂದೊಂದಾಗಿ ಇಣುಕಿ ನೋಡಿದರು.