ಬಸ್ಸು ನಿಲ್ಲಿಸಿದ ‘ಅನ್‌ಫರ್ಗೆಟಬಲ್’

ಸ್ನೇಹಿತರೇ, ಇವತ್ತು ಬೆಳಿಗ್ಗೆ ವಿಟ್ಲದ ಬಸ್ಸನ್ನು ಒಂದು ಇಂಗ್ಲಿಷ್ ಪದ ನಿಲ್ಲಿಸಿತು.

ನಮ್ಮ ಶಾಲೆಯ ಇಂಗ್ಲಿಷಿನ ಗ್ರೇಸಿ ಟೀಚರಿಗೆ ಇವತ್ತು ಬೀಳ್ಕೊಡುಗೆ. ಕನ್ನಡ ಮಾಸ್ಟ್ರಾದ ನನಗೂ ಇಂಗ್ಲಿಷ್ ಮಾತಾಡಲು ಧೈರ್ಯ ಕೊಟ್ಟವರು ಅವರು. ಹಾಗಾಗಿ ‘ಮರೆಯಲಾಗದವರು’ ಎನ್ನುವ ಬದಲು ವೇದಿಕೆಯಲ್ಲಿ ‘ಅನ್‌ಫರ್ಗೆಟಬಲ್’ ಎಂದೇ ಹೊಗಳಬೇಕೆಂದು, ಬಸ್ಸಿನ ಬಾಗಿಲಲ್ಲಿ ನಿಂತು, ಅವರು ಮಕ್ಕಳಿಗೆ ಡೆಸ್ಕ್ ಬಡಿದು ಕಲಿಸುವ ಹಾಗೆ ಬಾಗಿಲ ಪಕ್ಕದ ತಗಡು ಬಡಿಯುತ್ತಾ ಅಭ್ಯಾಸಕ್ಕಿಳಿದೆ. ಮುಂದೆ ಅಂಟಿಸಿದ ‘ಅನ್’ ಮೆಲ್ಲಗೆ, ‘ಫರ್’ ಮೆಲ್ಲಗೆ, ಒತ್ತು ಬೀಳುವ ‘ಗೆಟ್’ ಜೋರಾಗಿ. ತಗಡಿಗೆ ಒಂದು ಜೋರು ಏಟು ಬಿದ್ದರೆ ನಮ್ಮ ಡ್ರೈವರುಗಳು ಬಸ್ಸು ನಿಲ್ಲಿಸುತ್ತಾರೆ. ನಿಲ್ಲಿಸಿದರು.

“ಎಂಥ ಮಾಸ್ಟ್ರೇ, ಇಲ್ಲಿ ಸ್ಟಾಪ್ ಉಂಟಾ?” ಎಂದು ಕಂಡಕ್ಟರ್ ರೇಗಿದ.

ಅಷ್ಟರಲ್ಲಿ ಹಿಂದಿನಿಂದ ಏದುಸಿರು ಬಿಡುತ್ತಾ ಓಡಿ ಬಂದು ಹತ್ತಿದವರು ಗ್ರೇಸಿ ಟೀಚರ್! “ನಿಲ್ಲಿಸಿದ್ದು ಉಪಕಾರ ಆಯ್ತು ಮಾರಾಯ್ರೆ. ಇಲ್ಲದಿದ್ರೆ ನನ್ನ ಸನ್ಮಾನಕ್ಕೆ ನಾನೇ ಇಲ್ಲ,” ಎಂದು ಕಂಡಕ್ಟರನಿಗೆ ಕೈಮುಗಿದರು. ಅವನು ಗಂಭೀರವಾಗಿ ತಲೆಯಾಡಿಸಿದ.

ವೇದಿಕೆಯಲ್ಲಿ ನನ್ನ ನಾಲಿಗೆ ‘ಅನ್’ನಲ್ಲೇ ನಿಂತಿತು. ಟೀಚರ್ ಹಾರ ಹಾಕಿಕೊಂಡೇ ಕುರ್ಚಿಯ ಕೈ ಬಡಿದರು, ಮೂರನೆಯದು ಜೋರಾಗಿ. ಪದ ಹೊರಟಿತು.

ಇಷ್ಟು ವರ್ಷ ಕಲಿಸಿದವರಿಗೆ ನಾನು ಒಂದು ಬಸ್ಸನ್ನಾದರೂ ನಿಲ್ಲಿಸಿಕೊಟ್ಟೆ. ನಮಸ್ಕಾರ ಮಾತ್ರ ಕಂಡಕ್ಟರನ ಪಾಲಾಯಿತು.