ಕಂಪನಿ ಡಬ್ಬಿಯೊಳಗಿನ ಲೋಕಲ್ ಮಾಲು

ಹೊಸ ರಬ್ಬರಿಗೆ ಒಂದು ವಾಸನೆಯಿದೆ. ಲಾರಿಯ ಸ್ಪೇರ್ ಪಾರ್ಟ್ಸ್ ಅಂಗಡಿಯ ಕಟ್ಟೆಗೆ ನೀವು ಎಂದಾದರೂ ಒರಗಿ ನಿಂತಿದ್ದರೆ ಆ ವಾಸನೆ ನಿಮಗೂ ಗೊತ್ತಿರುತ್ತದೆ. ನಿಂತಿಲ್ಲವಾದರೆ ಚಪ್ಪಲಿ ಅಂಗಡಿಯನ್ನೂ ಸೀಮೆಎಣ್ಣೆಯ ಡಬ್ಬಿಯನ್ನೂ ಒಟ್ಟಿಗೆ ನೆನೆದುಕೊಳ್ಳಿ, ಸಾಕು. ಕಳೆದ ವಾರ ಬಾಗಲಕೋಟೆಯ ಅಂಥದೊಂದು ಅಂಗಡಿಯಲ್ಲಿ ನಿಂತಿದ್ದೆ. ತಂಗಿಯ ಮಗ ಮಹಾಂತೇಶ ಹಳೆಯ ಲಾರಿಯೊಂದನ್ನು ಕೊಂಡಿದ್ದಾನೆ. ನಾನೂ ಒಂದು ಕಾಲಕ್ಕೆ ಲಾರಿ ಇಟ್ಟವನಲ್ಲವೇ, ಬ್ರೇಕಿನ ಸಾಮಾನು ಆರಿಸಿಕೊಡಲಿ ಎಂದು ಕರೆದುಕೊಂಡು ಹೋಗಿದ್ದ. ಲಾರಿ ಇಟ್ಟವನು ನಾನು, ಅಷ್ಟೇ. ಓಡಿಸಿದವನೂ ಅಲ್ಲ, ರಿಪೇರಿ ಮಾಡಿದವನೂ ಅಲ್ಲ. ಈ ವ್ಯತ್ಯಾಸ ಹುಡುಗನಿಗೆ ಗೊತ್ತಿಲ್ಲ. ನಾನಾಗಿ ಹೇಳಲೂ ಹೋಗಲಿಲ್ಲ.

ಅಂಗಡಿಯವನು ಎರಡು ಡಬ್ಬಿ ತಂದು ಮುಂದಿಟ್ಟ. "ಇದು ಕಂಪನೀದು, ಇದು ಲೋಕಲ್. ಯಾವುದ ಕೊಡ್ಲಿ ಕಾಕಾ?"

ನಾನು ಬಾಯಿ ತೆರೆಯುವ ಮೊದಲೇ ಮಹಾಂತೇಶ, "ಹಳೇ ಗಾಡಿಗಿ ಕಂಪನಿ ಮಾಲ್ ಯಾಕ್ ಬೇಕ ಮಾಮಾ? ಗಾಡೀನ ಇನ್ನೆಷ್ಟ ದಿನ ಇರತೈತಿ?" ಎಂದ.

ಹದಿನೈದು ವರ್ಷಗಳ ಹಿಂದೆ ಇಂಥದೇ ಕಟ್ಟೆಯ ಮುಂದೆ ನಾನು ಆಡಿದ್ದ ಮಾತು ಅದು. ಆಡಿ, ಜಾಣ ಅನ್ನಿಸಿಕೊಂಡೆನೆಂದು ಮೀಸೆ ತಿರುವಿಕೊಂಡಿದ್ದೆ ಕೂಡ.

ಆಗ ನಮ್ಮ ಲಾರಿ ಇಳಕಲ್ಲಿನಿಂದ ಕೆಂಪು ಕಲ್ಲಿನ ಹಾಸುಗಳನ್ನು ಹೇರಿಕೊಂಡು ಹುನಗುಂದ, ಅಮೀನಗಡ, ಗುಳೇದಗುಡ್ಡದ ಮೇಲೆ ಹಾಯ್ದು ಬಾದಾಮಿಗೆ ಹೋಗುತ್ತಿತ್ತು. ಓಡಿಸುತ್ತಿದ್ದವನು ಸಂಗಪ್ಪ. ಬರೀ ಡ್ರೈವರ್ ಎಂದರೆ ಅವನಿಗೆ ಕಡಿಮೆ ಮಾಡಿದಂತೆ. ಸಣ್ಣಪುಟ್ಟ ರಿಪೇರಿಗೆ ಅವನು ಮಿಸ್ತ್ರಿಯ ಬಾಗಿಲಿಗೆ ಹೋದವನೇ ಅಲ್ಲ. ನಮ್ಮ ಓಣಿಯ ಹೊಲಿಗೆ ಮಶಿನ್ನು, ಹಿಟ್ಟಿನ ಗಿರಣಿಯ ಮೋಟಾರು, ಸಾಲಿ ಮಾಸ್ತರರ ಗಡಿಯಾರ, ಎಲ್ಲವೂ ಅವನ ಕೈಯಲ್ಲಿ ಹಾದುಹೋಗಿದ್ದವು. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ಏನೋ ಕೆಟ್ಟಿದೆ ಎಂದರೆ ಓಡಿ ಬರುತ್ತಿದ್ದ. ನನ್ನ ಹೆಂಡತಿ ಒಮ್ಮೊಮ್ಮೆ ಅವನಿಗೆ ಊಟಕ್ಕೆ ಬಡಿಸಬೇಕೆಂದೇ ಮಿಕ್ಸರ್ ಕೆಟ್ಟಿದೆಯೆಂದು ಸುಳ್ಳು ಹೇಳಿ ಕಳಿಸುತ್ತಿದ್ದಳು.

ಅವನದೊಂದು ಪದ್ಧತಿಯಿತ್ತು. ಹೊಸ ಸಾಮಾನು ಬಂದರೆ ಮೊದಲು ಕೈ ತೊಳೆದುಕೊಂಡು ಡಬ್ಬಿಯ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದ. ಒಳಗಿನ ಸಾಮಾನಿಗೆ ಹಚ್ಚುತ್ತಿರಲಿಲ್ಲ. "ಬ್ರೇಕಿನ ಒಳಗ ಬೂದಿ ಹೋದ್ರ ದೇವರ ಸುದ್ದಾ ಹಿಡಿಯಾಂಗಿಲ್ರಿ" ಎಂದು ನಗುತ್ತಿದ್ದ. ಖಾಲಿಯಾದ ಕಂಪನಿ ಡಬ್ಬಿಗಳನ್ನು ಎಸೆಯದೆ ಸೀಟಿನ ಹಿಂದೆ ಸಾಲಾಗಿ ಜೋಡಿಸಿಡುತ್ತಿದ್ದ, ನಮ್ಮಲ್ಲಿ ಹೆಣ್ಣುಮಕ್ಕಳು ಕುಪ್ಪಸದ ಖಣ ಮಡಚಿಡುವ ಹಾಗೆ. ಲೋಕಲ್ ಮಾಲಿನ ಮೇಲೆ ಅವನಿಗೆ ಹಗೆಯೇನೂ ಇರಲಿಲ್ಲ. "ದೀಪಕ್ಕ ಹಾಕ್ರಿ, ಹಾರ್ನಿಗಿ ಹಾಕ್ರಿ, ಬಾಗಲದ ಹಿಡಿಕಿಗಿ ಹಾಕ್ರಿ, ನಾ ಬ್ಯಾಡ ಅನ್ನೂದಿಲ್ಲ. ಬ್ರೇಕಿಗಿ, ಸ್ಟೇರಿಂಗಿಗಿ ಮಾತ್ರ ಬ್ಯಾಡ್ರಿ ಸಾವಕಾರ್ರ" ಎನ್ನುತ್ತಿದ್ದ. ಇಷ್ಟು ಸರಳವಾದ ಮಾತು ನನ್ನ ತಲೆಗೆ ಹೋಗಲಿಲ್ಲ.

ಬ್ರೇಕ್ ಆಯಿಲ್ ಸೋರದಂತೆ ಚಕ್ರದೊಳಗೆ ತಡೆದು ಹಿಡಿಯುವ ರಬ್ಬರ್ ಬಿಲ್ಲೆಗಳಿರುತ್ತವೆ. ಅವನ್ನು ಬದಲಿಸುವ ಕಾಲ ಬಂದಿತ್ತು. ನನಗೇನೂ ದುಡ್ಡಿನ ಅಡಚಣೆ ಇರಲಿಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಲೋಕಲ್ ತಂದೆ. ಆದರೆ ಸಂಗಪ್ಪ ಅದನ್ನು ಮುಟ್ಟುವುದಿಲ್ಲವೆಂದು ಗೊತ್ತಿತ್ತಲ್ಲ! ಅವನಿಲ್ಲದ ಹೊತ್ತು ನೋಡಿ ಲಾರಿ ಹತ್ತಿ, ಸೀಟಿನ ಹಿಂದಿನಿಂದ ಅವನದೇ ಒಂದು ಖಾಲಿ ಡಬ್ಬಿ ತೆಗೆದೆ. ಅದರ ಮೇಲೆ ಹಿಂದಿನ ಸಲ ಅವನು ಎಳೆದ ವಿಭೂತಿ ಇನ್ನೂ ಇತ್ತು. ಅದನ್ನು ನನ್ನ ಧೋತರದ ಚುಂಗಿನಿಂದ ಒರೆಸಿ, ಲೋಕಲ್ ಮಾಲನ್ನು ಅದರೊಳಗಿಟ್ಟು ಕೊಟ್ಟೆ. ಅವನು ಕೈ ತೊಳೆದು ಬಂದು ಒರೆಸಿದ ಜಾಗದಲ್ಲೇ ಮತ್ತೆ ಮೂರು ಗೆರೆ ಎಳೆದ. ನಮ್ಮ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ನಿಂತ ಲಾರಿಯಡಿ ಮಲಗಿ, ಹಾಡು ಗುನುಗುತ್ತ ಬಿಲ್ಲೆಗಳನ್ನು ತನ್ನ ಕೈಯಾರೆ ಚಕ್ರಕ್ಕೆ ಕೂಡಿಸಿದ. ಉಳಿದ ದುಡ್ಡಿನಲ್ಲಿ ನಾನು ಏನು ಮಾಡಿದೆ ಗೊತ್ತೇ? ಲಾರಿಯ ಹಿಂದಿನ ಹಲಗೆಗೆ ನವಿಲು ಬರೆಸಿದೆ.

ಎರಡು ತಿಂಗಳಿಗೆ, ಗುಳೇದಗುಡ್ಡ ದಾಟಿದ ಮೇಲಿನ ಒಂದು ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ನೆಲಕ್ಕೆ ಮುಟ್ಟಿತು, ಬ್ರೇಕ್ ಹಿಡಿಯಲಿಲ್ಲ. ಬೆಳಗಿನ ಹೊತ್ತು. ಎದುರಿಗೆ ಖಣದ ಗಂಟು ಹೊತ್ತ ನಾಲ್ಕೈದು ಹೆಂಗಸರು ಬರುತ್ತಿದ್ದರಂತೆ. ಸಂಗಪ್ಪ ಲಾರಿಯನ್ನು ಬದಿಯ ಕಲ್ಲಿನ ಒಡ್ಡಿಗೆ ಹೊಡೆದು ನಿಲ್ಲಿಸಿದ. ಹೆಂಗಸರು ಉಳಿದರು. ಅವನ ಮೊಣಕಾಲಿನ ಚಿಪ್ಪು ಒಡೆಯಿತು. ನವಿಲಿಗೆ ಏನೂ ಆಗಿರಲಿಲ್ಲ.

ಮಿಸ್ತ್ರಿ ಚಕ್ರ ಬಿಚ್ಚಿ ಬಿಲ್ಲೆ ತೆಗೆದು ನನ್ನ ಅಂಗೈ ಮೇಲಿಟ್ಟ. ನೆನೆಹಾಕಿದ ಶೇಂಗಾದ ಹಾಗೆ ಉಬ್ಬಿ, ಅಂಚು ಹರಿದಿತ್ತು. "ಇದ್ಯಾವ ಮಾಲ್ರಿ?" ಎಂದ. "ಸುಮ್ನಿರೋ ಮಾರಾಯಾ" ಎಂದೆ.

ದವಾಖಾನೆಗೆ ಹೋದಾಗ ಸಂಗಪ್ಪ ನನ್ನ ಎರಡೂ ಕೈ ಹಿಡಿದುಕೊಂಡ. "ಕಂಪನಿ ಮಾಲ್ ಹಂಗ ಫೇಲ್ ಆಗೂದಿಲ್ರಿ ಸಾವಕಾರ್ರ. ನಾನ ಕೂಡ್ಸೂದ್ರಾಗ ತಪ್ಪೇನಿ. ಆ ಹೆಣ್ಮಕ್ಕಳ ಸತ್ತಿದ್ರ?" ಎಂದು ಅತ್ತ.

ಅಲ್ಲಿಯೇ ಹೇಳಬಹುದಿತ್ತು. ನಾನು ಹೇಳಿದ್ದು ಬೇರೆ: "ಹೋಗ್ಲಿ ಬಿಡೋ ಸಂಗಪ್ಪ, ಯಾರ ಕೈ ಆದ್ರೂ ತಪ್ಪತೈತಿ. ನಾ ಏನೂ ಮನಸಿನ್ಯಾಗ ಇಟಗೊಂಡಿಲ್ಲ." ನೋಡಿ, ನಾನು ಅವನನ್ನು ಕ್ಷಮಿಸಿಬಿಟ್ಟೆ! ದವಾಖಾನೆಯ ಖರ್ಚೂ ನನ್ನದೇ. ಎಂಥಾ ದೊಡ್ಡ ಮನಸ್ಸಿನ ಮಾಲಕ ಎಂದು ಊರವರು ಆಡಿಕೊಂಡರು. ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ. ಸಂಗಪ್ಪ ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ. ಹೆಂಡತಿಯ ತವರು ಪಟ್ಟದಕಲ್ಲಿಗೆ ಹೋಗಿ, ಬಸ್ಸು ನಿಲ್ಲುವಲ್ಲಿ ಎಳನೀರು ಮಾರುತ್ತ ಕುಳಿತ. ನಾನೂ ಲಾರಿ ಮಾರಿಬಿಟ್ಟೆ.

ಅದಕ್ಕೇ ಕಳೆದ ವಾರ ಆ ಅಂಗಡಿಯಲ್ಲಿ ದುಡ್ಡು ಕೊಟ್ಟು ಕಂಪನಿ ಡಬ್ಬಿಯನ್ನು ಎತ್ತಿಕೊಂಡು, "ನಾಳೆ ಕೊಡ್ತೇನಿ, ಗಾಡಿ ಗ್ಯಾರೇಜಿನ್ಯಾಗ ನಿಂದರಲಿ" ಎಂದು ಹುಡುಗನಿಗೆ ಹೇಳಿ ಬಾದಾಮಿ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಪಟ್ಟದಕಲ್ಲಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅವನನ್ನು ಕಂಡಾಗ ಒಂದೂ ಉಳಿಯಲಿಲ್ಲ.

ಸಂಗಪ್ಪನ ತಲೆ ಪೂರ್ತಿ ಬೆಳ್ಳಗಾಗಿತ್ತು. "ಬರ್ರಿ ಬರ್ರಿ ಸಾವಕಾರ್ರ!" ಎಂದು ಸ್ಟೂಲು ಒರೆಸಿ ಕೊಟ್ಟ. ಎಳನೀರು ಕೆತ್ತಿ ಕೊಟ್ಟವಳು ಅವನ ಹೆಂಡತಿ ಶಾಂತವ್ವ. ಎಳನೀರು ಕೈಯಲ್ಲಿ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ಡಬ್ಬಿ ಕದ್ದದ್ದು, ವಿಭೂತಿ ಒರೆಸಿದ್ದು, ಮಿಸ್ತ್ರಿಯ ಬಾಯಿ ಮುಚ್ಚಿಸಿದ್ದು, ಯಾವುದನ್ನೂ ಬಿಡಲಿಲ್ಲ.

ಶಾಂತವ್ವನೇ ಮೊದಲು ಮಾತಾಡಿದಳು. "ಹದಿನೈದ ವರ್ಷ ಮನ್ಯಾಗ ಒಂದ ಮೊಳಿ ಹೊಡದಿಲ್ರಿ ಈ ಮನಷ್ಯಾ. ನಳ ಸೋರಿದ್ರ ಮಂದೀನ ಕರೀತಿದ್ದ. ನನ್ನ ಕೈ ನಂಬಬ್ಯಾಡ ಅಂತಿದ್ದ."

"ಹಂಗಾದ್ರ ನಾ ಸರಿಯಾಗೇ ಕೂಡ್ಸಿದ್ದೆ ಏನ್ರಿ?" ಎಂದು ಕೇಳಿದ ಸಂಗಪ್ಪ.

"ಸರಿಯಾಗೇ ಕೂಡ್ಸಿದ್ದಿಯೋ."

"ಅವತ್ತ ನೀವ ನನ್ನ ಮಾಫ್ ಮಾಡಿದ್ರಲ್ರಿ."

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. ನನಗೆ ಕಣ್ಣೀರು ಬಂತು, ಅದಕ್ಕೂ ನಾಚಿಕೆಯಾಯಿತು. ಏನಾದರೂ ಸರಿ ಮಾಡಬೇಕೆಂಬ ಅವಸರದಲ್ಲಿ ಚೀಲದಿಂದ ಹೊಸ ಡಬ್ಬಿ ತೆಗೆದು, "ನನ್ನ ಅಳಿಯನ ಗಾಡಿಗಿ ನೀನ ಬಂದು ಕೂಡ್ಸಬೇಕು. ಕಂಪನೀದ ಐತಿ, ಬಿಚ್ಚಿ ನೋಡು" ಎಂದೆ.

ಅವನು ಬಿಚ್ಚಲಿಲ್ಲ. ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದ. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಎರಡು ವರ್ಷದಿಂದ ಹೀಗೇ, ಔಷಧಕ್ಕೂ ನಿಲ್ಲುತ್ತಿಲ್ಲ ಎಂದಳು ಶಾಂತವ್ವ.

"ಆಗ ನಡಗ್ತಿದ್ದಿಲ್ರಿ ಇವು" ಎಂದ ಸಂಗಪ್ಪ.

ಹೊರಡುವಾಗ ಅವನೇ ಡಬ್ಬಿ ಇಸಿದುಕೊಂಡ. ಕೊಡದ ನೀರಿನಲ್ಲಿ ಕೈ ತೊಳೆದು, ಅಂಗಡಿಯ ಗೂಡಿನಿಂದ ವಿಭೂತಿ ಗಟ್ಟಿ ತೆಗೆದು, ಮೂರು ಬೆರಳಿನಿಂದ ಎಳೆದ. ಮೂರೂ ಗೆರೆ ಸೊಟ್ಟಗಾದವು. "ಹುಡುಗಗ ನಿಧಾನ ಕೂಡ್ಸು ಅನ್ರಿ" ಎಂದು ನನ್ನ ಕೈಗಿತ್ತು, ಗಿರಾಕಿ ಬಂದನೆಂದು ಎದ್ದು ಹೋದ.

ಬಸ್ಸಿನಲ್ಲಿ ಚೀಲದೊಳಗೆ ಇಟ್ಟರೆ ಅಳಿಸೀತೆಂದು ಡಬ್ಬಿಯನ್ನು ತೊಡೆಯ ಮೇಲೆ ಹಿಡಿದುಕೊಂಡೇ ಕುಳಿತೆ. ಮರುದಿನ ಗ್ಯಾರೇಜಿನಲ್ಲಿ ಮಹಾಂತೇಶನ ಕೈಗೆ ಕೊಟ್ಟಾಗ ಅವನು ತಿರುಗಿಸಿ ನೋಡಿ, "ಡಬ್ಬಿಗಿ ಏನೋ ಹತ್ತೇತಿ ಮಾಮಾ, ಒರಸ್ಲಿ?" ಎಂದ.

"ಒರಸಬ್ಯಾಡ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಆಮೇಲೆ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, ನಾನು ಲಾರಿ ಇಟ್ಟಿದ್ದ ಕಾಲದ ಕತೆಯನ್ನು ಈ ಸಲ ಏನನ್ನೂ ಮುಚ್ಚಿಡದೆ ಹೇಳಲು ಶುರುಮಾಡಿದೆ.