ಹೇಳಬಾರದ ಹೆಸರು

ನಮ್ಮ ಶಾಲೆಯ ಒಬ್ಬ ಹುಡುಗನಿಗೆ ಶೇಂಗಾ ತಿಂದರೆ ಉಸಿರು ಕಟ್ಟುತ್ತದೆ. ಆದರೆ ಮಕ್ಕಳ ಕಾಯಿಲೆ ಯಾರಿಗೂ ಹೇಳಬಾರದೆಂದು ಹೆಡ್‌ಮಾಸ್ತರರ ಕಟ್ಟಪ್ಪಣೆ. ಬರುವ ಸೋಮವಾರ ಶೇಂಗಾ ಚಿಕ್ಕಿ ಹಂಚುವುದಿತ್ತು.

"ಒಬ್ಬ ಹುಡುಗಗ ಚಿಕ್ಕಿ ಕೊಡಬ್ಯಾಡವಾ," ಎಂದೆ, ಅಡುಗೆಯ ಶಾಂತಕ್ಕನಿಗೆ.

"ಯಾರಿಗ್ರಿ ಸರ?"

"ಅದನ್ನ ಹೇಳಾಕ ಬರಂಗಿಲ್ಲ."

"ಹಂಗಾರ ನಾ ಏನು ಕಣಿ ಕೇಳ್ಲೇನ್ರಿ?"

ಶನಿವಾರ ನಾನು ಹನುಮಪ್ಪನ ಗುಡಿಗೆ ಹೋದಾಗ ಆ ಹುಡುಗನ ತಾಯಿ ನಿಂತಿದ್ದಳು, ಹಿಂದೆಯೇ ಶಾಂತಕ್ಕ.

"ಶೇಂಗಾ ತಿಂದ್ರ ನನ್ನ ಮಗಗ ಉಸರು ಕಟ್ಟತೈತ್ರಿ. ಅವನ ಹೆಸರ್ಲೆ ಪೂಜಿ ಮಾಡ್ರಿ," ಎಂದಳು ತಾಯಿ.

ಪೂಜಾರಿ ಹೆಸರು ಕೇಳಿದರು. ನನಗೆ ಅಪ್ಪಣೆ ನೆನಪಾಗಿ, ಗಂಟೆಯನ್ನು ಜೋರಾಗಿ ಬಾರಿಸತೊಡಗಿದೆ. ತಾಯಿ ಮತ್ತೆ ಮತ್ತೆ ಹೆಸರು ಹೇಳುತ್ತಿದ್ದಳು, ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಶಾಂತಕ್ಕ ದೇವರನ್ನು ಬಿಟ್ಟು ನನಗೆ ಕೈ ಮುಗಿದಳು. "ಸರ, ನಿಮ್ಮ ಕಾಲಿಗೆ ಬೀಳ್ತೇನಿ, ಹೆಸರು ಕೇಳವಲ್ತು!"

ನಾನು ಅಪ್ಪಣೆ ಮೀರಿಲ್ಲ. ಕೈ ಸೋತಿತು, ಗಂಟೆ ಬಿಟ್ಟೆ, ಅಷ್ಟೇ.